ಕಾಡಿನಲ್ಲಿ ಅನ್ನ ಬೇಯಿಸಿದವರು ಯಾರು?

ಎಲಚಿಗುಡ್ಡದ ಕಾಡಿನಲ್ಲಿ ಒಂದು ಶಾಲೆ ಇತ್ತು. ಅದಕ್ಕೆ ಗೋಡೆ ಇರಲಿಲ್ಲ, ಗಂಟೆ ಇರಲಿಲ್ಲ, ರಜೆಯಂತೂ ಇರಲೇ ಇಲ್ಲ. ಇದ್ದದ್ದು ಒಬ್ಬರೇ ಮೇಷ್ಟ್ರು. ಅವರು ಮುಳ್ಳುಹಂದಿ, ಹೆಸರು ಶೂಲಪ್ಪ. ತಪ್ಪು ಉತ್ತರ ಕಿವಿಗೆ ಬಿದ್ದರೆ ಅವರ ಬೆನ್ನಿನ ಮುಳ್ಳುಗಳು ಸರಸರ ಎನ್ನುತ್ತಿದ್ದವು. ಸರಿ ಉತ್ತರ ಬಿದ್ದರೆ ಏನೂ ಎನ್ನುತ್ತಿರಲಿಲ್ಲ. ಮಕ್ಕಳಿಗೆ ಆ ಮೌನವೇ ಬಹುಮಾನ.

ಮಕ್ಕಳೆಂದರೆ ಮೊಲದ ಮರಿಗಳು. ಆ ವರ್ಷ ಏಳು ಮರಿಗಳಿದ್ದವು.

ಮೊಲಗಳಿಗೆ ಶಾಲೆ ಯಾಕೆ ಎಂದು ನೀವು ಕೇಳಬಹುದು. ಕೇಳಲೇಬೇಕು. ಬೇಸಗೆ ಬಂದರೆ ಆ ಕಾಡಿನ ಹಳ್ಳ ಬತ್ತಿ ಹೋಗುತ್ತಿತ್ತು. ಗುಡ್ಡದ ಆಚೆ ನೇರಳೆಮಡು ಎಂಬ ಆಳದ ಗುಂಡಿಯಲ್ಲಿ ಮಾತ್ರ ನೀರು ಉಳಿಯುತ್ತಿತ್ತು. ಅಲ್ಲಿಗೆ ಎರಡು ದಾರಿ. ಒಂದು ಹತ್ತಿರದ್ದು. ಅದು ಜೋಡಿಬಂಡೆಯ ನಡುವೆ ಹಾದು ಹೋಗುತ್ತಿತ್ತು, ಜೋಡಿಬಂಡೆಯ ನೆರಳಿನಲ್ಲಿ ಒಂದು ಚಿರತೆ ಮಲಗುತ್ತಿತ್ತು. ಇನ್ನೊಂದು ದೂರದ್ದು. ಅದು ಲಂಟಾನದ ಪೊದೆಗಳ ಒಳಗೊಳಗೇ ನುಸುಳಿ ಹೋಗುತ್ತಿತ್ತು. ಆ ಪೊದೆಯೊಳಗೆ ಕಣ್ಣಿಗೆ ಎಲೆ ಬಿಟ್ಟರೆ ಮುಳ್ಳು, ಮುಳ್ಳು ಬಿಟ್ಟರೆ ಎಲೆ. ದಾರಿ ತೋರಬೇಕಾದದ್ದು ಮೂಗು.

ಮೊಲಗಳಲ್ಲಿ ಒಂದು ಹಳೆಯ ಕಟ್ಟಳೆ ಇತ್ತು. ಹಳ್ಳ ಬತ್ತಿದ ದಿನ ದೊಡ್ಡವರು ಮುಂಚೆಯೇ ಮಡುವಿಗೆ ಹೋಗಿ ಕಾಯಬೇಕು. ಆ ವರ್ಷದ ಮರಿಗಳು ಮರುದಿನ ತಾವಾಗಿಯೇ ದಾರಿ ಹುಡುಕಿ ಬರಬೇಕು. ಯಾರೂ ಕೈಹಿಡಿದು ಕರೆತರುವಂತಿಲ್ಲ. ಇದಕ್ಕೆ ಮಡುವಿನ ಪರೀಕ್ಷೆ ಎಂದು ಹೆಸರು. ಒಮ್ಮೆ ತಾನಾಗಿ ನಡೆದ ಮೊಲ ಮುಂದೆ ಯಾವ ಬೇಸಗೆಯಲ್ಲೂ ಬಾಯಾರಿ ಸಾಯುವುದಿಲ್ಲ ಎಂಬುದು ಹಿರಿಯರ ಲೆಕ್ಕ.

ಆದ್ದರಿಂದ ಮೇಷ್ಟ್ರು ವರ್ಷವಿಡೀ ಒಂದೇ ಪಾಠ ಮಾಡುತ್ತಿದ್ದರು. ಮರಿಗಳ ಕಣ್ಣಿಗೆ ಮುತ್ತುಗದ ಎಲೆ ಕಟ್ಟುವುದು, ನಡೆಸುವುದು, ನಿಲ್ಲಿಸುವುದು, ಕೇಳುವುದು.

"ಏನು ವಾಸನೆ ಬಂತು?"

"ಹುತ್ತದ ಮಣ್ಣು, ಮೇಷ್ಟ್ರೇ."

"ನೀನೇ ಮೂಸಿದೆಯೋ, ಪಕ್ಕದವನು ಹೇಳಿದನೋ?"

"ಪಕ್ಕದವನು ಹೇಳಿದ, ಮೇಷ್ಟ್ರೇ."

ಸರಸರ!

"ಹಾಗಾದರೆ ಉತ್ತರ ಪಕ್ಕದವನದು. ನಿನ್ನದು ಎಲ್ಲಿ?"

ಆ ಪಾಠದಲ್ಲಿ ಒಂದು ವಾಸನೆಯನ್ನು ಅವರು ಪ್ರತಿ ತಿಂಗಳೂ ಮತ್ತೆ ಮತ್ತೆ ಹೇಳುತ್ತಿದ್ದರು. "ಬೆಂದ ಸಣ್ಣಕ್ಕಿಯ ಘಮ ಮೂಗಿಗೆ ಬಂದರೆ ಏನು ಮಾಡಬೇಕು?"

"ತಿನ್ನಬೇಕು!" ಎನ್ನುತ್ತಿದ್ದವು ಹೊಸ ಮರಿಗಳು.

"ಓಡಬೇಕು! ಕಾಡಿನಲ್ಲಿ ಅನ್ನ ಬೇಯಿಸುವವರು ಯಾರಿದ್ದಾರೆ? ಆ ಘಮ ಬಂತೆಂದರೆ ಚಿರತೆ ಆ ಮರಕ್ಕೆ ಉಚ್ಚೆ ಹೊಯ್ದು ಹೋಗಿದೆ ಎಂದು ಅರ್ಥ. ಇದು ನನ್ನ ಜಾಗ, ಬಂದರೆ ಜೋಕೆ, ಎಂದು ಅದು ಬರೆದಿಟ್ಟ ಬೋರ್ಡು ಅದು."

ಮರಿಗಳು ಬಿದ್ದು ಬಿದ್ದು ನಗುತ್ತಿದ್ದವು. ಮೇಷ್ಟ್ರು ನಗುತ್ತಿರಲಿಲ್ಲ.

ಹೀಗಿರುವಾಗ ಕಾಡಿಗೆ ಬಲ್ಲಣ್ಣ ಬಂದ.

ಬಲ್ಲಣ್ಣ ಒಂದು ಗುಳ್ಳೆನರಿ. ಆ ಹೆಸರನ್ನು ಅವನೇ ತನಗೆ ಇಟ್ಟುಕೊಂಡಿದ್ದ. ಅವನಿಗೆ ಬೇಟೆಯಾಡಲು ಸೋಮಾರಿತನ, ಹಸಿದಿರಲು ಬೇಸರ. ಕೂತಲ್ಲೇ ಊಟ ಬರುವ ಉಪಾಯ ಯಾವುದಿದೆ ಎಂದು ಯೋಚಿಸುತ್ತ ಒಂದು ಆಲದ ಮರದ ಕೆಳಗೆ ಮಲಗಿದ್ದ. ಮೇಲೆ ಗಿಳಿಗಳ ಹಿಂಡು ಅಳುತ್ತಿತ್ತು. ಕೇರೆ ಹಾವೊಂದು ದಿನಾ ಬಂದು ಪೊಟರೆಯೊಳಗಿನ ಮೊಟ್ಟೆ ನುಂಗುತ್ತಿತ್ತಂತೆ.

ಬಲ್ಲಣ್ಣ ಎದ್ದು ಕೂತ. "ಅಕ್ಕಂದಿರಾ, ಹಾವನ್ನು ನಾನು ಓಡಿಸುತ್ತೇನೆ. ಬದಲಿಗೆ ಒಂದು ಸಣ್ಣ ಉಪಕಾರ ಮಾಡಿ. ಕಾಡಿನ ಪ್ರತಿ ಮರದ ಮೇಲೂ ನಿಮ್ಮವರೊಬ್ಬರು ಕೂರಬೇಕು. ಯಾರು ಏನು ಕೇಳಿದರೂ ಥಟ್ಟನೆ ಉತ್ತರ ಹೇಳಬೇಕು."

"ನಮಗೆ ಉತ್ತರ ಗೊತ್ತಿರುವುದಿಲ್ಲವಲ್ಲ?" ಎಂದಿತು ಒಂದು ಗಿಳಿ.

"ಗೊತ್ತಿರಬೇಕು ಎಂದು ಯಾರು ಹೇಳಿದರು? ಪಕ್ಕದ ಮರದವಳು ಏನು ಹೇಳುತ್ತಾಳೋ ಅದನ್ನೇ ಹೇಳಿ. ಅವಳು ಅವಳ ಪಕ್ಕದ ಮರದವಳದು ಹೇಳುತ್ತಾಳೆ. ಕೊನೆಯ ಮರದ ಕೆಳಗೆ ನಾನಿರುತ್ತೇನೆ."

ಗಿಳಿಗಳಿಗೆ ಇದು ಬಹಳ ಇಷ್ಟವಾಯಿತು. ಕೇಳಿದ್ದನ್ನು ಹೇಳುವುದು ಅವುಗಳ ಹುಟ್ಟುಗುಣ. ಈಗ ಅದಕ್ಕೆ ಹುದ್ದೆಯೂ ಸಿಕ್ಕಿತು.

ಬಲ್ಲಣ್ಣ ಅಂದೇ ಹಾವನ್ನು ಓಡಿಸಿದ. ಮಾರನೆಯ ದಿನವೇ ಗಿಳಿಗಳು ಕಾಡಿನ ತುಂಬ ಸಾರಿದವು. "ಕೇಳಿ, ಕೇಳಿ! ಏನು ಬೇಕಾದರೂ ಕೇಳಿ! ಕಣ್ಣು ಮಿಟುಕಿಸುವುದರೊಳಗೆ ಉತ್ತರ! ಪೂರ್ತಿ ಬಿಟ್ಟಿ!"

ಮೊದಮೊದಲು ಎಲ್ಲರೂ ಬೇಕಾದದ್ದನ್ನೇ ಕೇಳಿದರು. ಹುಲ್ಲು ಎಲ್ಲಿ ಚಿಗುರಿದೆ? ಮಳೆ ಯಾವಾಗ? ಉತ್ತರಗಳು ಬಹುಪಾಲು ಸರಿಯಾಗಿಯೇ ಇದ್ದವು. ಇದನ್ನು ಮುಚ್ಚಿಡಬಾರದು. ಯಾರೋ ಒಬ್ಬರು ನಿಜವಾಗಿ ಹುಲ್ಲು ನೋಡಿ ಬಂದು ಹೇಳಿರುತ್ತಿದ್ದರು, ಗಿಳಿಗಳು ಅದನ್ನು ಹತ್ತು ಮರ ದಾಟಿಸುತ್ತಿದ್ದವು. ಎಷ್ಟೋ ಕಾಲುಗಳ ದಣಿವು ತಪ್ಪಿತು.

ಆಮೇಲೆ ಬೇಡದ್ದನ್ನು ಕೇಳಲು ಶುರು ಮಾಡಿದರು. ಆಮೇಲೆ ಕೇಳುವುದನ್ನು ನಿಲ್ಲಿಸಲಾಗಲಿಲ್ಲ.

ಮೊಲದ ಮರಿಗಳಲ್ಲಿ ನೆಗ್ಗಿಲ ಎಂಬವನು ಓಟದಲ್ಲಿ ಮೊದಲಿಗ. ಅವನು ಒಂದು ದಿನ ಕೇಳಿದ. "ಈ ಕಾಡಿನಲ್ಲಿ ಅತಿ ಉದ್ದದ ಕಿವಿ ಯಾರದು?"

"ನಿನ್ನದೇ, ನೆಗ್ಗಿಲ, ನಿನ್ನದೇ!" ಎಂದಿತು ಗಿಳಿ. ಉತ್ತರ ಕೇಳಿದವರ ಮುಖ ಅರಳಿದರೆ ಅವರು ಮತ್ತೆ ಬರುತ್ತಾರೆ ಎಂದು ಬಲ್ಲಣ್ಣ ಗಿಳಿಗಳಿಗೆ ಹೇಳಿಕೊಟ್ಟಿದ್ದ.

ನೆಗ್ಗಿಲ ಅಂದು ಊಟಕ್ಕೂ ಹೋಗಲಿಲ್ಲ. ಹನ್ನೊಂದು ಮರಗಳ ಕೆಳಗೆ ನಿಂತು ಅದೇ ಪ್ರಶ್ನೆ ಕೇಳಿದ. ಹನ್ನೊಂದು ಬಾರಿಯೂ ಕಿವಿ ಅವನದೇ. ಅವನ ಹಿಂದೆ ಇನ್ನೂ ಐದು ಮರಿಗಳು ಸಾಲು ನಿಂತಿದ್ದವು. ಅವುಗಳಿಗೂ ಒಂದೊಂದರಂತೆ ಕಾಡಿನ ಅತಿ ಉದ್ದದ ಕಿವಿ ಸಿಕ್ಕಿತು.

ಏಳನೆಯದು ತುಂಬೆ ಎಂಬ ಹೆಣ್ಣು ಮರಿ. ಪಾಠದಲ್ಲಿ ನಿಧಾನ. ಒಂದು ವಾಸನೆ ಕಲಿಯಲು ಅವಳಿಗೆ ಎಂಟು ದಿನ ಬೇಕು. ಅವಳೂ ಕೇಳಿದಳು. ಅವಳಿಗೂ ಅದೇ ಉತ್ತರ ಬಂತು. ಖುಷಿಯಿಂದ ಕುಣಿಯುತ್ತ ಹಳ್ಳಕ್ಕೆ ಹೋಗಿ ನೀರಿನಲ್ಲಿ ನೋಡಿಕೊಂಡಳು. ಕಿವಿಗಳು ನಿನ್ನೆಯಷ್ಟೇ ಇದ್ದವು, ಇಡೀ ತರಗತಿಗೇ ಗಿಡ್ಡ. ಮತ್ತೊಮ್ಮೆ ಬಗ್ಗಿ ನೋಡಿದಳು. ಹೌದು, ಗಿಡ್ಡವೇ.

ತುಂಬೆ ಅಳಲಿಲ್ಲ. ನೀರಿಗೆ ಬೆನ್ನು ಹಾಕಿ ಕೂತು ಯೋಚಿಸಿದಳು. "ನನ್ನ ತಲೆಯ ಮೇಲಿರುವ ಕಿವಿಯ ವಿಷಯದಲ್ಲೇ ಸುಳ್ಳು ಹೇಳಿದವರು, ನಾನು ನೋಡದೇ ಇರುವ ವಿಷಯದಲ್ಲಿ ಏನು ಹೇಳುತ್ತಾರೋ!" ಎಂದುಕೊಂಡು ನೇರ ಶಾಲೆಗೆ ಹೋದಳು.

ಅಂದು ಶಾಲೆಯಲ್ಲಿ ಅವಳೊಬ್ಬಳೇ. ಮೇಷ್ಟ್ರು ಎಂದಿನಂತೆ ಹಾಜರಿ ಕರೆದರು. ಆರು ಹೆಸರಿಗೆ ಉತ್ತರ ಬರಲಿಲ್ಲ. ಏಳನೆಯದಕ್ಕೆ ಬಂತು. ಮೇಷ್ಟ್ರು ಏನೂ ಮಾತನಾಡದೆ ಮುತ್ತುಗದ ಎಲೆ ಕೈಗೆತ್ತಿಕೊಂಡರು.

ಸ್ವಲ್ಪ ದಿನಗಳಲ್ಲಿ ನೆಗ್ಗಿಲನ ತಾಯಿ ಶಾಲೆಗೆ ಬಂದಳು. "ಏನ್ರೀ ಮೇಷ್ಟ್ರೇ, ನಮ್ಮ ಹುಡುಗನ ಹೆಸರು ಹಾಜರಿಯಿಂದ ತೆಗೆದುಬಿಡಿ. ಕಾಲ ಬದಲಾಗಿದೆ. ಅವನಿಗೆ ಈಗ ಎಲ್ಲ ಗೊತ್ತು."

"ಎಲ್ಲ ಗೊತ್ತೋ, ಎಲ್ಲ ಕೇಳುವುದಕ್ಕೆ ಗೊತ್ತೋ?"

"ಎರಡೂ ಒಂದೇ ಅಲ್ಲವೇ?"

"ನಾಲಗೆಯ ಮೇಲಿನ ನೀರೂ ಗುಡ್ಡದಾಚೆಯ ನೀರೂ ಒಂದೇ ಏನಮ್ಮ?"

ತಾಯಿಗೆ ಸಿಟ್ಟು ಬಂತು. "ಮಕ್ಕಳು ಬರುತ್ತಿಲ್ಲ ಎಂದು ನಿಮಗೆ ಹೊಟ್ಟೆಕಿಚ್ಚು. ಕಣ್ಣಿಗೆ ಎಲೆ ಕಟ್ಟಿ ಮುಳ್ಳಿನೊಳಗೆ ನಡೆಸುವುದಕ್ಕೆ ವಿದ್ಯೆ ಅಂತೀರಾ? ಮಡುವಿನ ದಾರಿಯನ್ನು ಗಿಳಿ ಒಂದೇ ಉಸಿರಿಗೆ ಹೇಳುತ್ತದೆ. ಗೊತ್ತೇ ನಿಮಗೆ?"

"ಯಾವ ದಾರಿ ಹೇಳುತ್ತದೆ?"

"ಜೋಡಿಬಂಡೆಯದು. ಅಲ್ಲಿನ ಚಿರತೆಯ ಹಲ್ಲೆಲ್ಲ ಉದುರಿವೆಯಂತೆ!"

ಮೇಷ್ಟ್ರ ಮುಳ್ಳುಗಳು ಸರಸರ ಎಂದು ಎದ್ದು ನಿಂತವು. "ಚಿರತೆಯ ಬಾಯಿ ತೆರೆದು ಹಲ್ಲು ಎಣಿಸಿದವರು ಯಾರು? ಎಣಿಸಿ ಮನೆಗೆ ಬಂದವರು ಯಾರು?"

"ಎಲ್ಲರೂ ಹೇಳುತ್ತಾರೆ, ಮೇಷ್ಟ್ರೇ."

"ಎಲ್ಲರೂ ಹೇಳುತ್ತಾರೆ ಸರಿ. ನೋಡಿದವರು ಯಾರು?"

ತಾಯಿ ಮೂತಿ ತಿರುಗಿಸಿ ಹೊರಟುಹೋದಳು. ಮೇಷ್ಟ್ರು ಬಿಡಲಿಲ್ಲ. ಅವರು ಪ್ರತಿ ಪೊದೆಯ ಬಾಗಿಲಿಗೆ ಹೋಗಿ ಅದೇ ಮಾತು ಹೇಳಿದರು. ಮನೆಯವರು ತಲೆದೂಗಿ ಕಳಿಸಿದರು. ಮೇಷ್ಟ್ರು ಆಚೆ ಹೋದ ಕೂಡಲೇ ಹತ್ತಿರದ ಗಿಳಿಯನ್ನು ಕೇಳಿದರು. "ಮುಳ್ಳುಹಂದಿ ಮೇಷ್ಟ್ರು ಹೇಳುವುದು ನಿಜವೇ?"

"ಹಳೆಯ ಕಾಲದವರು, ಪಾಪ!" ಎಂದಿತು ಗಿಳಿ.

ಆ ಹಲ್ಲಿನ ಸುದ್ದಿ ಎಲ್ಲಿಂದ ಹುಟ್ಟಿತು ಎಂಬುದನ್ನು ಈಗ ಹೇಳಬೇಕು. ಅದು ಕೊನೆಯ ಮರದ ಕೆಳಗೆ ಹುಟ್ಟಿತು.

ಬಲ್ಲಣ್ಣ ಮೊದಲು ಸಣ್ಣಪುಟ್ಟ ಸುಳ್ಳು ಬಿತ್ತಿ ನೋಡಿದ್ದ. ದಿಣ್ಣೆಯ ಮೇಲಿನ ಎಲಚಿ ಹಣ್ಣಿನಲ್ಲಿ ಹುಳ ಇವೆ ಎಂದ. ಕಾಡುಹಂದಿಗಳು ಆ ಕಡೆ ಹೋಗಲಿಲ್ಲ. ಹಣ್ಣೆಲ್ಲ ಅವನ ಹೊಟ್ಟೆಗೆ ಹೋಯಿತು. ಹಳ್ಳದ ಏಡಿ ತಿಂದರೆ ಬಾಲ ಬೋಳಾಗುತ್ತದೆ ಎಂದ. ಮುಂಗುಸಿಗಳು ಏಡಿ ಬಿಟ್ಟವು. ಮೂಸಿ ನೋಡೋಣ, ಒಂದನ್ನು ಕಚ್ಚಿ ನೋಡೋಣ ಎಂದು ಯಾರಿಗೂ ಅನಿಸಲಿಲ್ಲ. ಅವರೇನೂ ದಡ್ಡರಾಗಿರಲಿಲ್ಲ. ಮೂಗು ಮುಖದ ಮೇಲೆಯೇ ಇತ್ತು. ಅದಕ್ಕೆ ಕೆಲಸ ಕೊಡುವುದನ್ನು ಬಿಟ್ಟಿದ್ದರು, ಅಷ್ಟೇ.

ಆಮೇಲೆ ಬಲ್ಲಣ್ಣನಿಗೆ ಮಾಂಸದ ಆಸೆ ಹುಟ್ಟಿತು. ಚಿರತೆ ತಿಂದು ಬಿಟ್ಟದ್ದನ್ನು ತಿನ್ನುವುದು ನರಿಗಳ ಹಳೆಯ ಕಸುಬು. ಒಂದೇ ಸಲ ಏಳು ಮೊಲದ ಮರಿಗಳು ಜೋಡಿಬಂಡೆಗೆ ನಡೆದು ಹೋದರೆ ಚಿರತೆ ಎಷ್ಟೆಂದು ತಿಂದೀತು? ಎರಡಾದರೂ ಮಿಗುವುದಿಲ್ಲವೇ? ಹೀಗೆ ಲೆಕ್ಕ ಹಾಕಿ ಮಳೆಗಾಲದಲ್ಲೇ ಅವನು ಕೊನೆಯ ಮರದ ಗಿಳಿಯ ಕಿವಿಯಲ್ಲಿ ಉಸುರಿದ. "ಜೋಡಿಬಂಡೆಯ ಚಿರತೆಯ ಹಲ್ಲು ಉದುರಿವೆ. ಮಡುವಿಗೆ ಇನ್ನು ಅದೇ ದಾರಿ."

ಇಷ್ಟೇ ಅವನು ಹೇಳಿದ್ದು. ಇದನ್ನು ನೆನಪಿಟ್ಟುಕೊಳ್ಳಿ.

ಮಾತು ಮರದಿಂದ ಮರಕ್ಕೆ ಹಾರಿತು. ಗಿಳಿಗಳಿಗೆ ಒಂದೇ ಮಾತನ್ನು ಹೇಳಿ ಹೇಳಿ ಬೇಜಾರು. ಒಂದು ಗಿಳಿ ಹಲ್ಲಿನ ಜೊತೆ ಉಗುರೂ ಉದುರಿಸಿತು. ಇನ್ನೊಂದು ಚಿರತೆಗೆ ಜ್ವರ ಬರಿಸಿತು. ಮೂರನೆಯದು ಅದನ್ನು ಹಾಸಿಗೆ ಹಿಡಿಸಿತು. ಹೀಗೆ ಸುದ್ದಿ ಕಾಡು ಸುತ್ತುತ್ತ ಹೋಯಿತು.

ಬಲ್ಲಣ್ಣ ಇದನ್ನೆಲ್ಲ ಗಮನಿಸಲಿಲ್ಲ. ಅವನಿಗೂ ಕಾಲು ನೀಡಿ ಕೂತು ಕೇಳುವುದೇ ಅಭ್ಯಾಸವಾಗಿತ್ತು. ಹಣ್ಣು ಎಲ್ಲಿ ಬಿದ್ದಿದೆ ಎಂದು ಗಿಳಿಯನ್ನು ಕೇಳುತ್ತಿದ್ದ. ಬಿಸಿಲು ಏರಿತೇ ಎಂದೂ ಗಿಳಿಯನ್ನೇ ಕೇಳುತ್ತಿದ್ದ. ತಲೆ ಎತ್ತಿದ್ದರೆ ಸೂರ್ಯ ಕಾಣುತ್ತಿದ್ದ.

ಬೇಸಗೆ ಬಂತು. ಹಳ್ಳ ಕೆಸರಾಯಿತು. ಕೆಸರು ಬಿರುಕಾಯಿತು.

ದೊಡ್ಡ ಮೊಲಗಳು ಕಟ್ಟಳೆಯಂತೆ ಹೊರಟವು. ಕಾಲುಗಳಿಗೆ ಹಳೆಯ ದಾರಿ ನೆನಪಿತ್ತು, ಅವು ಪೊದೆಯ ದಾರಿಯಲ್ಲೇ ಹೋದವು. ಮೇಷ್ಟ್ರೂ ಜೊತೆಗೆ ಹೋಗಬೇಕಾಯಿತು. ಪರೀಕ್ಷೆಯ ದಿನ ಗುರು ಆಚೆ ದಡದಲ್ಲಿ ಕಾಯಬೇಕು, ನಿಯಮ ನಿಯಮವೇ. ಹೊರಡುವ ಮುಂಚೆ ಅವರು ತುಂಬೆಯನ್ನು ಕರೆದರು.

"ಭಯವಾಗುತ್ತಿದೆಯಾ ಮರಿ?"

"ಹೌದು, ಮೇಷ್ಟ್ರೇ. ನಾನು ನಿಧಾನ. ಅವರೆಲ್ಲ ನನ್ನ ಮಾತು ಕೇಳುವುದಿಲ್ಲ."

"ನಿಧಾನವಾಗಿ ಕಲಿತದ್ದು ಬೇಗ ಮರೆಯುವುದಿಲ್ಲ. ನಿನ್ನ ಮೂಗು ಹೇಳಿದ್ದನ್ನು ಜೋರಾಗಿ ಹೇಳು. ಕೇಳುವುದು ಬಿಡುವುದು ಅವರಿಗೆ ಸೇರಿದ್ದು."

ಅಷ್ಟು ಹೇಳಿ ಹೊರಟರು. ಹತ್ತು ಹೆಜ್ಜೆ ಹೋಗಿ ಒಮ್ಮೆ ತಿರುಗಿ ನೋಡಿದರು. ಮೇಷ್ಟ್ರು ತಿರುಗಿ ನೋಡಿದ್ದನ್ನು ಆ ಕಾಡಿನಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲ.

ಮರುದಿನ ಬೆಳಗಾಯಿತು. ಏಳು ಮರಿಗಳು ಒಣಗಿದ ನಾಲಗೆ ಚಾಚಿಕೊಂಡು ಹೊರಟವು. ಮುಂದೆ ನೆಗ್ಗಿಲ, ಕೊನೆಯಲ್ಲಿ ತುಂಬೆ. ಮೇಲೆ ಗಿಳಿಗಳು ಕೂಗುತ್ತಿದ್ದವು. "ಜೋಡಿಬಂಡೆ! ಜೋಡಿಬಂಡೆ! ಅಲ್ಲೇ ನೇರ! ಅಲ್ಲೇ ನೇರ!"

ದೊಡ್ಡ ಹುತ್ತದ ಹತ್ತಿರ ದಾರಿ ಕವಲೊಡೆಯಿತು. ಬಲಕ್ಕೆ ಜೋಡಿಬಂಡೆ ಕಾಣುತ್ತಿತ್ತು, ಬಂಡೆಗಳ ನಡುವೆ ತಂಪು ನೆರಳು. ಎಡಕ್ಕೆ ಲಂಟಾನದ ಮುಳ್ಳು. ನೆಗ್ಗಿಲ ಬಲಕ್ಕೆ ತಿರುಗಿದ.

ತುಂಬೆಯ ಮೂಗು ಅಲುಗಿತು. ಒಮ್ಮೆ. ಮತ್ತೊಮ್ಮೆ. ಬಲಗಡೆಯ ಮತ್ತಿಮರದ ಬುಡದಿಂದ ಒಂದು ಘಮ ಬರುತ್ತಿತ್ತು. ಬಿಸಿಬಿಸಿ ಸಣ್ಣಕ್ಕಿಯದು.

"ನಿಲ್ಲಿ!" ಎಂದು ಅವಳು ಕಿರುಚಿದಳು. "ಚಿರತೆ ಇದೆ! ಇಲ್ಲೇ ಇದೆ!"

ನೆಗ್ಗಿಲ ತಿರುಗಿ ನೋಡಿದ. "ಏನೇ ಗಿಡ್ಡಕಿವಿ, ಎಲ್ಲಿದೆ ಚಿರತೆ? ನಿನ್ನ ಮೂಗಿನ ತುದಿಯ ಮೇಲಾ?"

"ಅನ್ನದ ವಾಸನೆ ಬರುತ್ತಿದೆ. ನೀನೂ ಮೂಸು."

ನೆಗ್ಗಿಲ ಮೂಸಿದ. ಏನೋ ಘಮ ಬಂತು. ಏನೆಂದು ಗೊತ್ತಾಗಲಿಲ್ಲ. ಮಳೆಗಾಲದಿಂದ ಅವನು ಒಂದು ವಾಸನೆಗೂ ಹೆಸರು ಇಟ್ಟಿರಲಿಲ್ಲ. "ಚೆನ್ನಾಗಿದೆಯಲ್ಲ! ಇದಕ್ಕೆ ಹೆದರಬೇಕಾ?"

"ಮೇಷ್ಟ್ರು ಹೇಳಿದ್ದು ಮರೆತುಹೋಯಿತೇನೋ? ಕಾಡಿನಲ್ಲಿ ಅನ್ನ ಬೇಯಿಸುವವರು ಯಾರಿದ್ದಾರೆ?"

ಉಳಿದ ಮರಿಗಳು ಒಂದು ಸಲ ತುಂಬೆಯನ್ನು, ಒಂದು ಸಲ ಗಿಳಿಯನ್ನು ನೋಡಿದವು. ಗಿಳಿಗಳು ನೂರಿದ್ದವು. ತುಂಬೆ ಒಬ್ಬಳು. ಅದೂ ಪಾಠದಲ್ಲಿ ನಿಧಾನ. ನೆಗ್ಗಿಲನ ಒಂದು ಕಾಲು ಬಲದ ದಾರಿಯ ಮೇಲೇ ಇತ್ತು. ತುಂಬೆ ಓಡಿ ಹೋಗಿ ಅವನ ಮುಂದೆ ಅಡ್ಡ ಮಲಗಿಬಿಟ್ಟಳು.

"ಹೋಗುವುದಾದರೆ ನನ್ನನ್ನು ತುಳಿದುಕೊಂಡು ಹೋಗು."

"ಏಳೇ ಮೇಲೆ! ನೀರಿಗೆ ಹೊತ್ತಾಯಿತು!"

"ಏಳಲ್ಲ."

ಅಷ್ಟರಲ್ಲಿ ಹಿಂದಿನಿಂದ ಒಂದು ಸಿಹಿಯಾದ ದನಿ ಬಂತು. "ಏನು ಮಕ್ಕಳೇ, ಪರೀಕ್ಷೆಯ ದಿನ ದಾರಿಯಲ್ಲೇ ಮಲಗಿದ್ದೀರಿ?"

ಅದು ಬಲ್ಲಣ್ಣ. ಮಿಕ್ಕಿದ್ದನ್ನು ತಿನ್ನಲು ಅವನು ನೂರು ಹೆಜ್ಜೆ ದೂರದಲ್ಲಿ ಹಿಂಬಾಲಿಸಿ ಬರುತ್ತಿದ್ದ. ಮರಿಗಳು ನಿಂತದ್ದು ನೋಡಿ ತಡೆಯಲಾರದೆ ಹತ್ತಿರ ಬಂದಿದ್ದ.

"ಬಲ್ಲಣ್ಣ, ಚಿರತೆ ಇದೆ ಅಂತಾಳೆ ಇವಳು," ಎಂದ ನೆಗ್ಗಿಲ.

"ಅಯ್ಯೋ, ನನ್ನ ಮಾತು ಯಾಕೆ? ಗಿಳಿಯನ್ನೇ ಕೇಳೋಣ." ಬಲ್ಲಣ್ಣ ಮರಿಗಳಿಗೆ ಕಣ್ಣು ಮಿಟುಕಿಸಿ ಮರದ ಕಡೆ ತಲೆ ಎತ್ತಿದ. "ಅಕ್ಕಾ, ಜೋಡಿಬಂಡೆಯ ಚಿರತೆಯ ಸಮಾಚಾರ ಏನು?"

ಹಲ್ಲಿಲ್ಲ ಎಂಬ ಉತ್ತರಕ್ಕೆ ಅವನು ಕಾಯುತ್ತಿದ್ದ. ಆದರೆ ಗಿಳಿ ಬೇರೆಯೇ ಹೇಳಿತು.

"ಚಿರತೆ ಸತ್ತು ಹದಿಮೂರು ದಿನವಾಯಿತು!"

"ಆಂ?" ಎಂದ ಬಲ್ಲಣ್ಣ.

"ಮತ್ತಿಮರದ ಕೆಳಗೆ ಹೂತರು! ಹದ್ದುಗಳು ಬಂದು ಅತ್ತವು! ಇವತ್ತು ತಿಥಿ ಊಟ!" ಎಂದಿತು ಎರಡನೆಯ ಗಿಳಿ. "ತಿಥಿ ಊಟ! ತಿಥಿ ಊಟ!" ಎಂದು ನೂರು ಗಿಳಿಗಳೂ ಕೂಗಿದವು.

ಬಲ್ಲಣ್ಣನ ತಲೆ ಗಿರ್ರೆಂದಿತು. "ನಾನು ಹೇಳಿದ್ದು ಹಲ್ಲು ಉದುರಿತು ಅಂತ ಮಾತ್ರ. ಸತ್ತಿತು ಅಂತ ನಾನು ಹೇಳಿಲ್ಲ. ಹೂತರು ಅಂತ ಹೇಳಿಲ್ಲ. ಹದ್ದಿನ ವಿಷಯ ನನಗೆ ಗೊತ್ತೇ ಇಲ್ಲ. ನಾನು ಹೇಳದ ಸುದ್ದಿ ಬಂದಿದೆ ಎಂದರೆ ಅದು ನಿಜವೇ ಇರಬೇಕು!" ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ.

ಮೊದಲು ಅವನಿಗೆ ದುಃಖವಾಯಿತು. ಚಿರತೆ ಇಲ್ಲದಿದ್ದರೆ ಮಿಕ್ಕಿದ್ದೂ ಇಲ್ಲ. ಆಮೇಲೆ ಅವನ ಮೂಗಿಗೂ ಆ ಘಮ ಬಡಿಯಿತು. ಬೆಂದ ಸಣ್ಣಕ್ಕಿ!

ಒಂದು ಕಾಲದಲ್ಲಿ ಅವನಿಗೆ ಆ ವಾಸನೆಯ ಅರ್ಥ ಗೊತ್ತಿತ್ತು. ಅವನ ಅಜ್ಜಿ ಕಿವಿ ಹಿಂಡಿ ಕಲಿಸಿದ್ದಳು. ಆದರೆ ಮಳೆಗಾಲದಿಂದೀಚೆಗೆ ಅವನು ಮೂಗನ್ನು ಕೇಳಿಯೇ ಇರಲಿಲ್ಲ. ಮೂಗು ಏನೋ ಹೇಳಲು ಹೊರಟಿತು. ಅಷ್ಟರಲ್ಲಿ ಗಿಳಿಯ ಮಾತು ಮುಂದೆ ಬಂದು ನಿಂತಿತು.

"ಆಹಾ! ತಿಥಿಯ ಅನ್ನ ಬೇಯುತ್ತಿದೆ!" ಎಂದು ಬಲ್ಲಣ್ಣ ಬಾಯಿ ಚಪ್ಪರಿಸಿದ.

ತುಂಬೆ ಮಲಗಿದ್ದಲ್ಲಿಂದಲೇ ತಲೆ ಎತ್ತಿದಳು. "ಬಲ್ಲಣ್ಣ, ಹೋಗಬೇಡ! ಅದು ಅನ್ನ ಅಲ್ಲ, ಚಿರತೆ!"

"ಸುಮ್ಮನಿರೇ ಮರಿ. ನೂರು ಬಾಯಿ ಹೇಳುತ್ತಿವೆ, ನಿನ್ನದೊಂದು ಮೂಗು ದೊಡ್ಡದಾಯಿತೋ? ನೀವು ಸಣ್ಣವರು, ಇಲ್ಲೇ ಇರಿ. ಪಂಕ್ತಿಯಲ್ಲಿ ದೊಡ್ಡವರು ಮೊದಲು!" ಎಂದವನೇ ಅವಳ ಮೇಲಿಂದ ಹಾರಿ, ಬಾಲ ಎತ್ತಿಕೊಂಡು, ಎರಡು ಬಂಡೆಗಳ ನಡುವೆ ಓಡಿದ.

ಮೊದಲು ಅವನ ಮಾತು ಕೇಳಿಸಿತು. "ಊಟಕ್ಕೆ ಎಲ್ಲಿ ಕೂರಬೇಕು ಸ್ವಾಮಿ?"

ಆಮೇಲೆ ಒಂದು ಗರ್ಜನೆ. ಏಳು ಮರಿಗಳೂ ನೆಲದಿಂದ ಒಂದು ಗೇಣು ಮೇಲೆ ಹಾರಿದವು.

ಆಮೇಲೆ ಬಲ್ಲಣ್ಣನೇ ಬಂದ. ಹೋದ ವೇಗದ ನಾಲ್ಕರಷ್ಟು ವೇಗದಲ್ಲಿ ಬಂದ. ಅವನ ಬೆನ್ನ ಹಿಂದೆ ಚಿರತೆ. ಅದರ ಬಾಯಲ್ಲಿ ಹಲ್ಲುಗಳು ಸಾಲಾಗಿ, ಒಂದೂ ಕಡಿಮೆಯಾಗದೆ ಇದ್ದವು. ಆ ಹಲ್ಲುಗಳ ನಡುವೆ ಅರ್ಧ ಬಾಲ ಇತ್ತು.

"ಎಡಕ್ಕೆ! ಪೊದೆಯೊಳಗೆ!" ಎಂದು ತುಂಬೆ ಕೂಗಿದಳು. ಈ ಸಲ ಯಾರೂ ಗಿಳಿಯನ್ನು ಕೇಳಲಿಲ್ಲ. ಆರು ಮರಿಗಳು ಅವಳ ಹಿಂದೆ ಲಂಟಾನದೊಳಗೆ ನುಗ್ಗಿದವು. ಬಲ್ಲಣ್ಣ ಅವರ ಹಿಂದೆ ನುಗ್ಗಿದ. ಚಿರತೆ ಮುಳ್ಳಿಗೆ ಮುಖ ತಗುಲಿಸಿ, ಸೀನಿ, ಬಾಯಿಯ ಕೂದಲನ್ನು ಥೂ ಥೂ ಎಂದು ಉಗುಳುತ್ತ ವಾಪಸ್ಸು ಹೋಯಿತು.

"ಚಿರತೆಗೆ ಹೊಸ ಹಲ್ಲು ಬಂದಿವೆ! ಹೊಸ ಹಲ್ಲು ಬಂದಿವೆ!" ಎಂದು ಗಿಳಿಗಳು ಕೂಗಿದವು. ಅವುಗಳಿಗೆ ನಾಚಿಕೆ ಎಂಬುದಿಲ್ಲ.

ಪೊದೆಯೊಳಗೆ ಕತ್ತಲು. ನೆಗ್ಗಿಲ ತುಂಬೆಗೆ ಅಂಟಿಕೊಂಡು ನಿಂತ. "ತುಂಬೆ, ಇನ್ನು ಯಾವ ಕಡೆ?"

"ನನಗೂ ಕಾಣುತ್ತಿಲ್ಲ," ಎಂದಳು ತುಂಬೆ. "ಸ್ವಲ್ಪ ತಾಳು."

ಅವಳು ಕಣ್ಣು ಮುಚ್ಚಿದಳು. ಮುತ್ತುಗದ ಎಲೆ ಕಟ್ಟಿದ್ದ ದಿನಗಳು ನೆನಪಾದವು. ಮೊದಲು ಹುತ್ತದ ಮಣ್ಣಿನ ವಾಸನೆ ಸಿಕ್ಕಿತು. ಹತ್ತು ಹೆಜ್ಜೆಯ ಮೇಲೆ ಕೊಳೆತ ನೆಲ್ಲಿಕಾಯಿ. ಅಲ್ಲಿ ಒಮ್ಮೆ ದಾರಿ ತಪ್ಪಿತು, ಹಿಂದೆ ಬಂದಳು, ಮತ್ತೆ ಮೂಸಿದಳು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಜೇನುಬಂಡೆಯ ಮೇಣ. ಕೊನೆಗೆ ತಣ್ಣಗೆ, ತೆಳ್ಳಗೆ, ಪಾಚಿಯ ವಾಸನೆ. ನೀರು!

ನೇರಳೆಮಡುವಿನ ದಡದಲ್ಲಿ ತಾಯಂದಿರು ಕತ್ತು ಉದ್ದ ಮಾಡಿ ನಿಂತಿದ್ದರು. ಗರ್ಜನೆ ಅವರಿಗೂ ಕೇಳಿಸಿತ್ತು. ನೆಗ್ಗಿಲನ ತಾಯಿ ನೆಲಕ್ಕೆ ಕೂತುಬಿಟ್ಟಿದ್ದಳು. ಪೊದೆ ಅಲುಗಿತು. ಮೊದಲು ಎರಡು ಗಿಡ್ಡ ಕಿವಿಗಳು ಹೊರಬಂದವು.

ಮೇಷ್ಟ್ರು ಎಣಿಸಿದರು. ಒಂದು, ಎರಡು, ಮೂರು... ಏಳು. ಆಮೇಲೆ ಹುಬ್ಬು ಗಂಟಿಕ್ಕಿದರು. "ಏಳು ಜನ ಬರಬೇಕಾಗಿತ್ತು. ಎಂಟನೆಯವನು ಯಾರು?"

ಬಲ್ಲಣ್ಣ ಅರ್ಧ ಬಾಲವನ್ನು ಕಾಲುಗಳ ನಡುವೆ ಅಡಗಿಸಲು ನೋಡಿದ. ಅರ್ಧ ಬಾಲ ಅಲ್ಲಿಯವರೆಗೆ ಎಟುಕಲಿಲ್ಲ.

ನಡೆದದ್ದನ್ನೆಲ್ಲ ನೆಗ್ಗಿಲನೇ ಹೇಳಿದ, ತಾನು ಮೂಸಿ ಗುರುತಿಸಲಾಗದ್ದನ್ನೂ ಬಿಡದೆ ಹೇಳಿದ. ತಾಯಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಲ್ಲಣ್ಣನನ್ನು ಕಾಡಿನಿಂದ ಓಡಿಸಬೇಕು, ಗಿಳಿಗಳನ್ನೂ ಓಡಿಸಬೇಕು ಎಂದು ಕೂಗೆದ್ದಿತು.

ಸರಸರ!

"ಗಿಳಿಗಳು ಏನು ತಪ್ಪು ಮಾಡಿದವು?" ಎಂದರು ಮೇಷ್ಟ್ರು. "ಕೇಳಿದ್ದನ್ನು ಹೇಳುವುದು ಅವುಗಳ ಗುಣ. ಹೇಳಿದ್ದನ್ನು ನುಂಗಿದವರು ನೀವು. ಇನ್ನು ಮುಂದೆ ಗಿಳಿಯನ್ನೂ ಕೇಳಿ. ಕೇಳಿದ ಮೇಲೆ ಮೂಗನ್ನೂ ಕೇಳಿ." ಆಮೇಲೆ ಮರದ ಕಡೆ ತಿರುಗಿದರು. "ನೀವೂ ಒಂದು ಮಾತು ಕಲಿಯಿರಿ. ಯಾರೇ ಸುದ್ದಿ ತಂದರೂ ಮೊದಲು ಕೇಳಬೇಕಾದದ್ದು: ನೋಡಿದವರು ಯಾರು?"

"ನೋಡಿದವರು ಯಾರು? ನೋಡಿದವರು ಯಾರು?" ಎಂದು ಗಿಳಿಗಳು ಕಲಿತವು. ಒಂದೇ ದಿನದಲ್ಲಿ ಕಲಿತವು. ಪಾಠ ಮಾಡಿದರೆ ಗಿಳಿಯೂ ಕಲಿಯುತ್ತದೆ.

"ಈ ನರಿಗೆ ಶಿಕ್ಷೆ ಏನು ಮೇಷ್ಟ್ರೇ?" ಎಂದು ಕೇಳಿದಳು ನೆಗ್ಗಿಲನ ತಾಯಿ. ಈಗ ಅವಳ ದನಿ ತಗ್ಗಿತ್ತು.

"ನಾಳೆಯಿಂದ ಶಾಲೆ. ಕೊನೆಯ ಸಾಲು. ಕಣ್ಣಿಗೆ ಮುತ್ತುಗದ ಎಲೆ. ಒಂದು ದಿನ ತಪ್ಪಿಸಿಕೊಂಡರೂ ನನ್ನ ಮುಳ್ಳಿದೆ."

ಬಲ್ಲಣ್ಣ ಬಂದ. ಬರದೆ ಗತಿ ಇರಲಿಲ್ಲ. ಕಾಡಿನಲ್ಲಿ ಅವನ ಮಾತನ್ನು ನಂಬುವವರು ಉಳಿದಿರಲಿಲ್ಲ, ತನ್ನ ಊಟವನ್ನು ತಾನೇ ಮೂಸಿ ಹುಡುಕಬೇಕಾಗಿತ್ತು. ಮೊಲದ ಮರಿಗಳು ಮುಂದಿನ ಸಾಲಿನಿಂದ ತಿರುಗಿ ತಿರುಗಿ ನೋಡಿ ನಗುತ್ತಿದ್ದವು.

ಆದರೆ ನಿಜವಾದ ಶಿಕ್ಷೆ ಅದಲ್ಲ. ಬಾಲದ ಸುದ್ದಿ ಅಷ್ಟರಲ್ಲಿ ಗುಡ್ಡ ದಾಟಿತ್ತು. ಅಲ್ಲಿನ ಗಿಳಿಗಳಿಗೆ ಮೇಷ್ಟ್ರ ಪಾಠ ಇನ್ನೂ ಮುಟ್ಟಿರಲಿಲ್ಲ. ಪಕ್ಕದ ಕಾಡಿನಲ್ಲಿ ಬಲ್ಲಣ್ಣನ ಬಾಲ ಪೂರ್ತಿ ಹೋಯಿತು. ಅದರಾಚೆಯ ಕಾಡಿನಲ್ಲಿ ಅವನು ಬಾಲವಿಲ್ಲದೆಯೇ ಹುಟ್ಟಿದ್ದ. ಅದಕ್ಕೂ ಆಚೆ, ತಿಥಿ ಊಟದಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲು ಅವನು ಬಾಲವನ್ನು ಒತ್ತೆ ಇಟ್ಟಿದ್ದನಂತೆ.

ಬಲ್ಲಣ್ಣನಿಗೆ ತಡೆಯಲಾಗಲಿಲ್ಲ. ಆಲದ ಮರದ ಕೆಳಗೆ ನಿಂತು ಕೂಗಿದ. "ಸುಳ್ಳು! ಎಲ್ಲ ಸುಳ್ಳು! ನನಗೆ ಇನ್ನೂ ಅರ್ಧ ಬಾಲ ಇದೆ! ಹೋಗಿ ಎಲ್ಲರಿಗೂ ಹೇಳಿ!"

ಗಿಳಿಗಳು ಕತ್ತು ವಾಲಿಸಿ ಅವನನ್ನು ನೋಡಿದವು.

"ನೋಡಿದವರು ಯಾರು?" ಎಂದವು.

ಬಲ್ಲಣ್ಣ ಸುತ್ತ ನೋಡಿದ. ಕಾಡುಹಂದಿಗಳು, ಮುಂಗುಸಿಗಳು, ಮೊಲಗಳು ಎಲ್ಲರೂ ಬಂದು ನಿಂತಿದ್ದರು. ಬೇರೆ ದಾರಿ ಇರಲಿಲ್ಲ. ಅವನು ನಿಧಾನವಾಗಿ ತಿರುಗಿ, ಇಡೀ ಕಾಡಿಗೆ ಬೆನ್ನು ತೋರಿಸಿ ನಿಂತ.

ನೀತಿ: ಉತ್ತರ ಕೇಳಿದ ಮಾತ್ರಕ್ಕೆ ಅರಿವು ಬರುವುದಿಲ್ಲ. ತಾನೇ ನೋಡಿ, ಮೂಸಿ, ನಡೆದು ಕಲಿತದ್ದೇ ಆಪತ್ತಿನಲ್ಲಿ ಕೈಹಿಡಿಯುತ್ತದೆ. ಕೆಲಸ ಕೊಡದ ಬುದ್ಧಿ ಸುಳ್ಳು ಹೇಳಿದವನನ್ನೂ ಅವನ ಸುಳ್ಳಿನಿಂದ ಕಾಪಾಡುವುದಿಲ್ಲ.